ಮೂರನೆಯ ತಟ್ಟೆ

ನಮ್ಮ ಮನೆಯ ನಡುಮನೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಹೊಸದಾಗಿ ಮನೆಗೆ ಬಂದವರು ಅದರೊಳಗೆ ಒಡವೆ ವಸ್ತ್ರಗಳೋ ಜಮೀನಿನ ಕಾಗದಪತ್ರಗಳೋ ಇರಬೇಕೆಂದು ಊಹಿಸುತ್ತಾರೆ. ಬಾಗಿಲು ತೆರೆದಾಗ ಅವರ ಕಣ್ಣಿಗೆ ಬೀಳುವುದು ಸಾಲುಸಾಲಾಗಿ ನಿಂತ ತೆಳ್ಳನೆಯ ಪ್ಲಾಸ್ಟಿಕ್ ಡಬ್ಬಿಗಳು. ಒಂದೊಂದರಲ್ಲಿಯೂ ಕನ್ನಡಿಯಂತೆ ಹೊಳೆಯುವ ಎರಡು ಮೂರು ತಟ್ಟೆಗಳು. ಹಳೆಯ ಚಲನಚಿತ್ರಗಳ ವಿ.ಸಿ.ಡಿ. ಮತ್ತು ಡಿ.ವಿ.ಡಿ.ಗಳು ಅವು. ಡಬ್ಬಿಗಳೇ ಸುಮಾರು ನಾಲ್ಕು ನೂರು ಇರಬಹುದು. ಅಂಚೆಚೀಟಿಗಳನ್ನೋ ಹಳೆಯ ನಾಣ್ಯಗಳನ್ನೋ ಕೂಡಿಡುವವರನ್ನು ಜನರು ಗೌರವದಿಂದ ಕಾಣುತ್ತಾರೆ. ಸಿನಿಮಾ ತಟ್ಟೆಗಳನ್ನು ಕೂಡಿಡುವ ಶಾಲಾ ಉಪಾಧ್ಯಾಯನನ್ನು ಕಂಡರೆ ಮುಗುಳ್ನಗುತ್ತಾರೆ. ಆ ನಗುವಿಗೆ ನಾನು ಬಹಳ ವರ್ಷಗಳಿಂದ ಒಗ್ಗಿಹೋಗಿದ್ದೇನೆ.

ಈ ಗೀಳು ನನಗೆ ಅಂಟಿದ್ದು ನನ್ನ ತಾಯಿಯಿಂದ. ಅವಳಿಗೆ ಸಿನಿಮಾದ ಹುಚ್ಚು ಇತ್ತೆಂದಲ್ಲ. ಅವಳು ನೋಡಿದ ಚಿತ್ರಗಳನ್ನು ಎರಡು ಕೈಗಳ ಬೆರಳುಗಳಲ್ಲಿ ಎಣಿಸಬಹುದಾಗಿತ್ತು. ಅವುಗಳಲ್ಲಿ ಒಂದನ್ನು ಅವಳು ಪೂರ್ತಿ ನೋಡಿರಲಿಲ್ಲ. ಕಥೆಯೆಲ್ಲ ಅಲ್ಲಿಂದಲೇ ಆರಂಭವಾಗುತ್ತದೆ.

ಅವಳು ಹನ್ನೆರಡು ಹದಿಮೂರು ವರ್ಷದವಳಾಗಿದ್ದಾಗ, ಎಂದರೆ 1950ರ ದಶಕದ ಕೊನೆಯ ವರ್ಷಗಳಲ್ಲಿ, ನ್ಯಾಮತಿಯ ಹೊರಗಿನ ಬಯಲಿನಲ್ಲಿ ಒಂದು ಟೂರಿಂಗ್ ಟಾಕೀಸು ಡೇರೆ ಹಾಕಿತ್ತು. ಆಗ ನ್ಯಾಮತಿಯು ಹೊನ್ನಾಳಿ ತಾಲ್ಲೂಕಿಗೆ ಸೇರಿದ, ಸಂತೆಗೆ ಹೆಸರಾದ ಊರು. ಅದು ತಾನೇ ತಾಲ್ಲೂಕಾದದ್ದು 2018ರಲ್ಲಿ. ಸಂಜೆಯಾಗುತ್ತಲೇ ಡೇರೆಯ ಮೇಲಿನ ಧ್ವನಿವರ್ಧಕದಲ್ಲಿ ಗ್ರಾಮಫೋನಿನ ಹಾಡು ಕೇಳಿಬರುತ್ತಿತ್ತು. ಸುತ್ತಣ ಹಳ್ಳಿಗಳವರು ಆ ಹಾಡಿನ ಅಳತೆಯಿಂದಲೇ ಆಟಕ್ಕೆ ಎಷ್ಟು ಹೊತ್ತಿದೆಯೆಂದು ತಿಳಿದು, ಹೆಜ್ಜೆ ಬೀಸಿ ನಡೆಯುತ್ತಿದ್ದರು. ನೆಲಕ್ಕೆ ಒಂದು ದರ, ಬೆಂಚಿಗೆ ಒಂದು ದರ, ಕುರ್ಚಿಗೆ ಮತ್ತೊಂದು. ಹೆಂಗಸರಿಗೆ ಬೇರೆಯೇ ಪಕ್ಕ. ಚಿತ್ರ ತೋರಿಸುವ ಯಂತ್ರ ಒಂದೇ ಇರುತ್ತಿದ್ದುದರಿಂದ ಸುರುಳಿ ಬದಲಾಯಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ಸಾವಿರ ಅಡಿ ಉದ್ದದ ಒಂದು ಸುರುಳಿ ಹನ್ನೊಂದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಎರಡೆರಡನ್ನು ಜೋಡಿಸಿ ಓಡಿಸಿದರೂ ಒಂದು ಚಿತ್ರದಲ್ಲಿ ಆರೇಳು ಸಲ ಬಿಡುವು. ಕಡಲೆಕಾಯಿ ಮಾರುವವನಿಗೆ ಅದೇ ಸುಗ್ಗಿ.

ಆ ರಾತ್ರಿಯ ಚಿತ್ರ 'ಬೇಡರ ಕಣ್ಣಪ್ಪ'. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ ಈ ಚಿತ್ರದಿಂದಲೇ ರಾಜಕುಮಾರ್ ಅವರು ನಾಯಕನಟರಾಗಿ ಬೆಳ್ಳಿತೆರೆಗೆ ಬಂದರು. ನನ್ನ ತಾಯಿ ತನ್ನ ಅಜ್ಜನ ಕೈಹಿಡಿದು ಮೂರು ಹರದಾರಿ ನಡೆದು ಬಂದು ನೆಲದ ಮೇಲೆ ಕುಳಿತಿದ್ದಳಂತೆ. ಎಲ್ಲ ಸುರುಳಿಗಳೂ ಓಡಿದವು, ಕೊನೆಯದೊಂದು ಉಳಿದಿತ್ತು. ಅಷ್ಟರಲ್ಲಿ ಬಿರುಗಾಳಿಯೊಡನೆ ಅಡ್ಡಮಳೆ ಹೊಡೆಯಿತು. ಡೇರೆಯ ಒಂದು ಮಗ್ಗುಲು ಕುಸಿಯಿತು, ದೀಪ ಆರಿತು, ಜನ ಚೆಲ್ಲಾಪಿಲ್ಲಿಯಾದರು. ಅಜ್ಜ ಅವಳ ತಲೆಯ ಮೇಲೆ ಕಂಬಳಿಯ ಕೊಪ್ಪೆ ಹೊದಿಸಿ ಊರಿಗೆ ಕರೆದೊಯ್ದ. ಮರುದಿನ ಡೇರೆಯಲ್ಲಿ ಬೇರೆ ಚಿತ್ರ.

"ಕಣ್ಣಪ್ಪನ ಕಥೆ ಯಾರಿಗೆ ಗೊತ್ತಿಲ್ಲ, ಅವ್ವ? ಶಿವನಿಗೆ ಕಣ್ಣು ಕಿತ್ತು ಕೊಡುತ್ತಾನೆ, ಶಿವ ಪ್ರತ್ಯಕ್ಷನಾಗುತ್ತಾನೆ" ಎಂದು ನಾನು ಹುಡುಗನಾಗಿದ್ದಾಗ ಒಮ್ಮೆ ಹೇಳಿದ್ದುಂಟು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, "ಗೊತ್ತಿದ್ದರೇನು ತಮ್ಮಾ, ನೋಡಿಲ್ಲವಲ್ಲ!" ಎಂದಳು. ದೂರದರ್ಶನದಲ್ಲಿ ಹಳೆಯ ಚಿತ್ರಗಳು ಬರುತ್ತಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲ. ಹೀಗೆ ಆ ಕೊನೆಯ ಸುರುಳಿ ಅವಳ ಪಾಲಿಗೆ ನ್ಯಾಮತಿಯ ಮಳೆಯಲ್ಲಿಯೇ ಉಳಿದುಹೋಯಿತು.

2002ರಲ್ಲಿ ನಾನು ಜಗಳೂರಿನಲ್ಲಿ ಉಪಾಧ್ಯಾಯನಾಗಿದ್ದಾಗ ಒಂದು ವಿ.ಸಿ.ಡಿ. ಪ್ಲೇಯರನ್ನು ಕಂತಿನ ಮೇಲೆ ಕೊಂಡೆ. ಜಗಳೂರು ಮಳೆ ಕಡಿಮೆಯ ಸೀಮೆ. ಸಂಜೆಗಳು ಬಹಳ ಉದ್ದವೆನಿಸುತ್ತಿದ್ದವು. ಸಂತೆಯಲ್ಲಿ ಬಳೆ, ಕನ್ನಡಿ, ಉಡುದಾರಗಳ ನಡುವೆ ಗೋಣಿತಟ್ಟಿನ ಮೇಲೆ ಸಿನಿಮಾ ತಟ್ಟೆಗಳನ್ನೂ ಹರಡಿ ಮಾರುತ್ತಿದ್ದರು. ಅವುಗಳಲ್ಲಿ ಎಷ್ಟೋ ಕಳ್ಳಪ್ರತಿಗಳೆಂಬುದು ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು. ತಿಳಿದ ಮೇಲೆ ಅವನ್ನು ಕೊಳ್ಳಲಿಲ್ಲವೆಂದು ಹೇಳಬಲ್ಲೆ; ಮೊದಲು ಕೊಂಡಿರಲಿಲ್ಲವೆಂದು ಹೇಳಲಾರೆ.

ಆ ತಟ್ಟೆಯ ರಚನೆ ಒಂದು ಸೋಜಿಗ. ಹನ್ನೆರಡು ಸೆಂಟಿಮೀಟರ್ ವ್ಯಾಸದ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ತಗ್ಗುಗಳು ಸುರುಳಿಯಾಗಿ ಒಳಗಿನಿಂದ ಹೊರಕ್ಕೆ ಸಾಗುತ್ತವೆ. ಅವುಗಳ ಮೇಲೆ ಅಲ್ಯೂಮಿನಿಯಮ್ಮಿನ ತೆಳುಲೇಪ, ಅದರ ಮೇಲೆ ಅರಗಿನಂತಹ ಒಂದು ಹೊದಿಕೆ. ಲೇಸರ್ ಕಿರಣವು ಕೆಳಗಿನಿಂದ ತಾಗಿ ಹಿಂದಿರುಗುವಾಗ ಆಗುವ ಏರಿಳಿತವೇ ಚಿತ್ರವಾಗಿ, ಧ್ವನಿಯಾಗಿ ಮಾರ್ಪಡುತ್ತದೆ. ಒಂದು ವಿ.ಸಿ.ಡಿ.ಯಲ್ಲಿ ಹಿಡಿಸುವುದು ಸುಮಾರು 74 ನಿಮಿಷಗಳ ಚಿತ್ರ. ಆದ್ದರಿಂದಲೇ ನಮ್ಮ ಹಳೆಯ ಚಿತ್ರಗಳು ಎರಡು ಅಥವಾ ಮೂರು ತಟ್ಟೆಗಳಲ್ಲಿ ಹಂಚಿಹೋಗುತ್ತಿದ್ದವು. ಎಲ್ಲರೂ ಕೆಳಗಿನ ಹೊಳೆಯುವ ಮುಖಕ್ಕೆ ಗೀರು ಬೀಳದಂತೆ ಜೋಪಾನ ಮಾಡುತ್ತಾರೆ. ನಿಜವಾಗಿ ಹೆಚ್ಚು ಅಪಾಯವಿರುವುದು ಹೆಸರು ಬರೆದಿರುವ ಮೇಲ್ಮುಖಕ್ಕೆ. ಅಲ್ಲಿ ಲೋಹದ ಲೇಪಕ್ಕೂ ಹೊರಗಿನ ಗಾಳಿಗೂ ನಡುವೆ ಇರುವುದು ಆ ತೆಳುಹೊದಿಕೆಯೊಂದೇ. ಒರೆಸುವಾಗಲೂ ಬಟ್ಟೆಯನ್ನು ಸುತ್ತಲೂ ತಿರುಗಿಸಬಾರದು, ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಬೇಕು. ಇದನ್ನು ನಾನು ಕಲಿತದ್ದು ನಾಲ್ಕಾರು ಒಳ್ಳೆಯ ತಟ್ಟೆಗಳನ್ನು ಕೆಡಿಸಿಕೊಂಡ ಮೇಲೆ.

ಸಂಗ್ರಹ ಬೆಳೆದಂತೆ ಇನ್ನೊಂದು ವಿಷಯ ನನ್ನನ್ನು ಕಾಡತೊಡಗಿತು. ನಾನು ಹುಡುಕುವ ಚಿತ್ರಗಳಲ್ಲಿ ಕೆಲವು ಎಲ್ಲಿಯೂ ಇರಲಿಲ್ಲ. ಅಂಗಡಿಯಲ್ಲಿ ಮಾತ್ರವಲ್ಲ, ಲೋಕದಲ್ಲಿಯೇ ಇರಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ಅದರ ನಿರ್ದೇಶಕರು, ಆರ್. ನಾಗೇಂದ್ರರಾವ್, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಅದರಲ್ಲಿ ಅಭಿನಯಿಸಿದ್ದರು. ಕನ್ನಡ ಮಾತನಾಡಿದ ಆ ಮೊದಲ ತೆರೆಯನ್ನು ನೋಡಬೇಕೆಂದರೆ ಇಂದು ಯಾರಿಗೂ ಸಾಧ್ಯವಿಲ್ಲ, ಅದರ ಪ್ರತಿ ಉಳಿದುಬಂದಿಲ್ಲ. ಭಾರತದ ಮೊದಲ ವಾಕ್ಚಿತ್ರವಾದ 1931ರ 'ಆಲಂ ಆರಾ'ದ ಗತಿಯೂ ಇದೇ. ಆ ಕಾಲದ ಫಿಲ್ಮು ನೈಟ್ರೇಟಿನದು. ಕಿಡಿ ತಾಗಿದರೆ ಭುಗ್ಗೆನ್ನುವಂಥದು, ಕಿಡಿ ತಾಗದಿದ್ದರೂ ತಾನಾಗಿ ಕೊಳೆಯುವಂಥದು. ಇವೆಲ್ಲವನ್ನೂ ಕಾಪಾಡಲು ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ಪಿ.ಕೆ. ನಾಯರ್ ಅವರು ಊರೂರು ಅಲೆದು ಡಬ್ಬಿಗಳನ್ನು ಕೂಡಿಹಾಕಿದರು. ಅವರು ಕೈಗೆತ್ತಿಕೊಳ್ಳುವ ಹೊತ್ತಿಗೆ ಹೋದದ್ದು ಹೋಗಿತ್ತು.

ನಾವಷ್ಟೇ ಇಂತಹ ಅಲಕ್ಷ್ಯ ತೋರಿದವರೆಂದು ಹಳಿದುಕೊಳ್ಳಬೇಕಾಗಿಲ್ಲ. ಶಿಸ್ತಿಗೆ ಹೆಸರಾದ ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯವರು 1960 ಮತ್ತು 70ರ ದಶಕಗಳಲ್ಲಿ ತಾವೇ ತಯಾರಿಸಿದ ಎಷ್ಟೋ ಟೆಲಿವಿಷನ್ ನಾಟಕಗಳನ್ನೂ ವಿನೋದ ಕಾರ್ಯಕ್ರಮಗಳನ್ನೂ ಅಳಿಸಿ, ಅದೇ ಟೇಪಿನ ಮೇಲೆ ಬೇರೆಯದನ್ನು ಮುದ್ರಿಸಿಕೊಂಡರು. ಟೇಪು ದುಬಾರಿಯಾಗಿತ್ತು, ತೋರಿಸಿ ಮುಗಿದದ್ದನ್ನು ಮತ್ತೆ ಕೇಳುವವರು ಯಾರು ಎಂಬ ಭಾವನೆ. 1963ರಲ್ಲಿ ಆರಂಭವಾದ 'ಡಾಕ್ಟರ್ ಹೂ' ಎಂಬ ಧಾರಾವಾಹಿಯ ಅನೇಕ ಕಂತುಗಳು ಹೀಗೆ ಅಳಿದವು. ಆದರೆ ಆ ದಿನಗಳಲ್ಲಿಯೇ ಕೆಲವು ಹುಡುಗರು ತಮ್ಮ ಮನೆಯ ಟೇಪ್ ರೆಕಾರ್ಡರುಗಳಲ್ಲಿ ಅದರ ಮಾತುಗಳನ್ನೆಲ್ಲ ಹಿಡಿದಿಟ್ಟುಕೊಂಡಿದ್ದರು. ಚಿತ್ರ ಹೋಯಿತು, ಧ್ವನಿ ಉಳಿಯಿತು! ಮುಂದೆ ಆ ಧ್ವನಿಗೆ ಹೊಸದಾಗಿ ರೇಖಾಚಿತ್ರಗಳನ್ನು ಹೊಂದಿಸಿ ಕೆಲವು ಕಂತುಗಳನ್ನು ಡಿ.ವಿ.ಡಿ.ಯಾಗಿ ಹೊರತಂದರು. 2013ರಲ್ಲಿ ಆ ಧಾರಾವಾಹಿಯ ಒಂಬತ್ತು ಕಂತುಗಳು ಆಫ್ರಿಕಾದ ನೈಜೀರಿಯಾದಲ್ಲಿ ಪತ್ತೆಯಾದವೆಂದು ಪ್ರಕಟವಾಯಿತು. ಎಲ್ಲಿಯ ಲಂಡನ್, ಎಲ್ಲಿಯ ನೈಜೀರಿಯಾ! ಇದನ್ನು ಓದಿದಾಗ ನನ್ನ ಕಬ್ಬಿಣದ ಬೀರುವಿನ ಮೇಲೆ ನನಗೆ ಕೊಂಚ ಅಭಿಮಾನ ಹುಟ್ಟಿದ್ದು ಸುಳ್ಳಲ್ಲ.

'ಬೇಡರ ಕಣ್ಣಪ್ಪ' ಮಾತ್ರ ಬೇಗ ಸಿಕ್ಕಲಿಲ್ಲ. 2011ರಲ್ಲಿ, ನಾನು ಚನ್ನಗಿರಿಗೆ ವರ್ಗವಾಗಿ ಬಂದ ಮೇಲೆ, ಅಡಿಕೆ ವ್ಯಾಪಾರದ ಬೀದಿಯೊಂದರಲ್ಲಿ ತಟ್ಟೆಗಳನ್ನು ದಿನದ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯೊಂದು ಮುಚ್ಚುವುದರಲ್ಲಿತ್ತು. ಮಾಲೀಕರು ಉಳಿದ ಸರಕನ್ನು ರಾಶಿ ಹಾಕಿ, ಮೂಟೆಯ ಲೆಕ್ಕದಲ್ಲಿ ಮಾರುತ್ತಿದ್ದರು. ಆ ರಾಶಿಯ ತಳದಲ್ಲಿ ನಾನು ಒಂಬತ್ತು ವರ್ಷ ಹುಡುಕಿದ ಹೆಸರು ಕಾಣಿಸಿತು. ನಡುಗುವ ಕೈಯಿಂದ ಡಬ್ಬಿಯನ್ನು ತೆರೆದೆ. ಮೊದಲನೆಯ ತಟ್ಟೆ ಇತ್ತು, ಎರಡನೆಯದೂ ಇತ್ತು. ಮೂರನೆಯದರ ಜಾಗ ಖಾಲಿ.

"ಬಾಡಿಗೆಗೆ ಒಯ್ದವರು ಹಿಂದಿರುಗಿಸಿಲ್ಲ ಮೇಷ್ಟ್ರೇ" ಎಂದು ಮಾಲೀಕರು ಹಳೆಯ ಲೆಕ್ಕದ ಪುಸ್ತಕ ತೆಗೆದು, ಊರಿನ ಹೆಸರನ್ನು ತೋರಿಸಿದರು. ಶಾಂತಿಸಾಗರದ ಕಡೆಯ ಒಂದು ಹಳ್ಳಿ. ಮುಂದಿನ ಭಾನುವಾರ ನಾನು ಸೈಕಲ್ಲಿನಲ್ಲಿ ಅಲ್ಲಿಗೆ ಹೋದೆ. ಮನೆಯ ಯಜಮಾನರು ನನ್ನ ಮಾತು ಕೇಳಿ ನಕ್ಕು, "ನಮ್ಮ ಪೆಟ್ಟಿಗೆ ಕೆಟ್ಟು ಎಷ್ಟೋ ಕಾಲವಾಯಿತು. ಇದ್ದಬದ್ದ ತಟ್ಟೆಗಳನ್ನೆಲ್ಲ ಮೆಕ್ಕೆಜೋಳದ ಹೊಲದಲ್ಲಿ ಕಟ್ಟಿದ್ದೇವೆ, ಗಿಳಿಗಳು ಬರದ ಹಾಗೆ. ಬನ್ನಿ, ನೋಡೋಣ" ಎಂದರು. ಹೊಲದ ಅಂಚಿನುದ್ದಕ್ಕೂ ಗಳುಗಳಿಗೆ ದಾರ ಕಟ್ಟಿ ಇಳಿಬಿಟ್ಟಿದ್ದ ತಟ್ಟೆಗಳು ಗಾಳಿಗೆ ತಿರುಗುತ್ತ ಬಿಸಿಲನ್ನು ನಾಲ್ಕು ದಿಕ್ಕಿಗೂ ಎರಚುತ್ತಿದ್ದವು. ನಾನು ಒಂದೊಂದನ್ನೂ ಹಿಡಿದು ಓದುತ್ತ ಹೋದೆ. ಏಳನೆಯದೋ ಎಂಟನೆಯದೋ ಇರಬೇಕು, ನನಗೆ ಬೇಕಾದದ್ದಾಗಿತ್ತು. ಹೆಸರಿನ ಬಣ್ಣ ಅರ್ಧ ಹಾರಿಹೋಗಿತ್ತು. ನಾನು ದುಡ್ಡು ಕೊಡಲು ಹೋದರೆ ಅವರು ಒಪ್ಪಲಿಲ್ಲ. ಆದರೆ ಗಿಳಿಗಳಿಗೆ ಅನ್ಯಾಯವಾಗಬಾರದೆಂದು, ಮುಂದಿನ ವಾರ ನನ್ನಲ್ಲಿದ್ದ ಕಳ್ಳಪ್ರತಿಗಳಲ್ಲಿ ಹತ್ತನ್ನು ಅವರಿಗೆ ತಲುಪಿಸಿದೆ. ಅವು ಮಾಡಿದ ಮೊದಲ ಪ್ರಾಮಾಣಿಕ ಕೆಲಸ ಅದೇ ಇರಬೇಕು.

ತಟ್ಟೆಯನ್ನು ಸೋಪಿನ ನೀರಿನಲ್ಲಿ ತೊಳೆದೆ, ಮೆತ್ತನೆಯ ಬಟ್ಟೆಯಿಂದ ಒರೆಸಿದೆ, ಯಾರೋ ಹೇಳಿದರೆಂದು ಹಲ್ಲುಪುಡಿಯ ಪೇಸ್ಟನ್ನೂ ಸವರಿ ನೋಡಿದೆ. ಆ ರಾತ್ರಿ ಅವ್ವನನ್ನು ಕೂರಿಸಿ ಮೂರು ತಟ್ಟೆಗಳನ್ನೂ ಸಾಲಾಗಿ ಹಾಕಿದೆ. ಮೊದಲಿನ ಎರಡು ಸರಾಗವಾಗಿ ಓಡಿದವು. ಅವ್ವ ಪಂಡರಿಬಾಯಿಯವರನ್ನು ಕಂಡು, "ಇವಳು ಹೀಗೆಯೇ ಇದ್ದಳು, ಹೀಗೆಯೇ ಇದ್ದಳು" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಮೂರನೆಯದು ತಡೆತಡೆದು ಸಾಗಿತು. ಚಿತ್ರ ಚೌಕಚೌಕವಾಗಿ ಒಡೆಯಿತು, ಮತ್ತೆ ಕೂಡಿತು. ಕಣ್ಣು ಕೊಡುವ ಘಟ್ಟ ಇನ್ನೇನು ಬಂತು ಎನ್ನುವಾಗ ಪೂರ್ತಿ ನಿಂತುಹೋಯಿತು. ನಾನು ತಟ್ಟೆಯನ್ನು ತೆಗೆದೆ, ಒರೆಸಿದೆ, ಹಾಕಿದೆ. ಮತ್ತೆ ಅಲ್ಲಿಯೇ ನಿಂತಿತು. ನನಗೆ ಅಳು ಬರುವಂತಾಯಿತು. ಅವ್ವ ಮಾತ್ರ ನಕ್ಕಳು: "ನಿನ್ನ ಯಂತ್ರಕ್ಕೂ ಮಳೆ ಬಂತೇನೋ!"

ಬೆಂಗಳೂರಿನ ಅಂಗಡಿಗಳಿಗೆ ಹೇಳಿಕಳುಹಿಸಿದೆ. ಆ ಚಿತ್ರದ ದಾಸ್ತಾನು ಮುಗಿದಿದೆಯೆಂಬ ಉತ್ತರವೇ ಬಂದಿತು. ಅಷ್ಟು ಹೊತ್ತಿಗೆ ತಟ್ಟೆಗಳ ಕಾಲವೇ ಮುಗಿಯುತ್ತ ಬಂದಿತ್ತು.

ಕೆಲವು ವರ್ಷಗಳ ನಂತರ, ನಾವು ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಗೆ ಹತ್ತಿರವಾಗಿ ವಾಸವಾಗಿದ್ದಾಗ, ನನ್ನ ಮಗಳು ತನ್ನ ಮೊಬೈಲಿನಲ್ಲಿ ಅರ್ಧ ನಿಮಿಷದೊಳಗೆ ಆ ಚಿತ್ರವನ್ನು ಹುಡುಕಿ ಅಜ್ಜಿಯ ಕೈಗೆ ಕೊಟ್ಟಳು. ನಾನು ಪಕ್ಕದಲ್ಲಿ ಪತ್ರಿಕೆ ಓದುವವನಂತೆ ಕುಳಿತಿದ್ದೆ. ನನ್ನ ಒಂಬತ್ತು ವರ್ಷಗಳ ಅಲೆದಾಟವನ್ನು ಆ ಪುಟ್ಟ ಯಂತ್ರ ಹಾಗೆ ಗೆದ್ದುಬಿಟ್ಟದ್ದು ನನಗೆ ಅಷ್ಟೇನೂ ಹಿತವಾಗಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಅವ್ವ ಅಂಗೈಯಲ್ಲಿ ಹಿಡಿದು ಕೊನೆಯವರೆಗೂ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿತ್ರ ಮುಗಿದ ಮರುಕ್ಷಣವೇ ಅದರಲ್ಲಿ ತಾನಾಗಿಯೇ ಯಾವುದೋ ಕುಣಿತದ ಹಾಡು ಆರಂಭವಾಯಿತು. ಬೆಚ್ಚಿಬಿದ್ದು ಮೊಮ್ಮಗಳಿಗೆ ಹಿಂದಿರುಗಿಸಿದಳು.

ನಾನು ಬೀರುವಿನ ಕಡೆ ನೋಡಿ, "ಇನ್ನು ಇದನ್ನೆಲ್ಲ ಗುಜರಿಗೆ ಹಾಕಬಹುದು ಅಲ್ಲವೇ, ಅವ್ವ?" ಎಂದು ಕೇಳಿದೆ. ಅವಳು ಕೂಡಲೇ ಉತ್ತರ ಕೊಡಲಿಲ್ಲ. ಒಂದು ವಾರದ ಬಳಿಕ ಸೋದರಮಾವನ ಮನೆಯ ಮಕ್ಕಳು ರಜೆಗೆ ಬಂದರು. ರಾತ್ರಿ ಊಟವಾದ ಮೇಲೆ ಅವ್ವ ನನ್ನನ್ನು ಕರೆದು, "ಆ ಮೂರನೆಯ ತಟ್ಟೆ ಹಾಕು" ಎಂದಳು.

"ಅದು ನಡುವೆ ನಿಲ್ಲುತ್ತದೆ."

"ನಿಲ್ಲಲಿ, ಹಾಕು."

ತಟ್ಟೆ ತಡೆತಡೆದು ಓಡಿತು. ಎಂದಿನ ಜಾಗದಲ್ಲಿ ನಿಂತಿತು. ಮಕ್ಕಳು ನನ್ನ ಮುಖ ನೋಡಿದರು. ಅವ್ವ ಗೋಡೆಗೆ ಒರಗಿ ಕುಳಿತು, ಕಾಲು ಚಾಚಿಕೊಂಡು, ಮುಂದಿನದನ್ನು ಹೇಳತೊಡಗಿದಳು. ಲಿಂಗದ ಒಂದು ಕಣ್ಣಿನಲ್ಲಿ ರಕ್ತ ಒಸರಿದ್ದು, ಬೇಡ ತನ್ನ ಕಣ್ಣನ್ನು ಬಾಣದಿಂದ ಕಿತ್ತು ಅಲ್ಲಿಟ್ಟದ್ದು, ಎರಡನೆಯ ಕಣ್ಣಿನಲ್ಲಿಯೂ ರಕ್ತ ಕಂಡಾಗ, ಕುರುಡನಾದ ಮೇಲೆ ಜಾಗ ಗೊತ್ತಾಗಬೇಕಲ್ಲ ಎಂದು ಕಾಲಿನ ಹೆಬ್ಬೆರಳನ್ನು ಊರಿ ಗುರುತು ಮಾಡಿಕೊಂಡದ್ದು. ಹೆಬ್ಬೆರಳಿನ ಮಾತು ಬಂದಾಗ ಅವಳ ಕಾಲೂ ಒಂದಿಷ್ಟು ಮುಂದೆ ಸರಿಯಿತು. ಅಷ್ಟರಲ್ಲಿ ಡೇರೆಯ ಗಾಳಿ, ಮಳೆ, ಅಜ್ಜನ ಕಂಬಳಿಯ ವಾಸನೆ ಎಲ್ಲವೂ ಕಥೆಯೊಳಗೆ ಬಂದುಬಿಟ್ಟಿದ್ದವು. ಟಿ.ವಿ.ಯ ಪರದೆಯ ಮೇಲೆ ರಾಜಕುಮಾರ್ ಅವರ ಮುಖ ಚೌಕಚೌಕವಾಗಿ ನಿಂತೇ ಇತ್ತು. ಚಿಕ್ಕ ಹುಡುಗನೊಬ್ಬ, "ಆಮೇಲೆ, ಅಜ್ಜಿ?" ಎಂದು ಕೇಳಿದ. ನಾನು ಎದ್ದು, ಶಬ್ದವಾಗದಂತೆ ಯಂತ್ರವನ್ನು ಆರಿಸಿದೆ.