ಹತ್ತು ದಿನದ ಓದಿಗೆ ಹನಿ ನೀರಾವರಿ

ಮಾರ್ಚ್ ತಿಂಗಳು ಬಂತೆಂದರೆ ಚಿತ್ರದುರ್ಗದ ಸೀಮೆಯಲ್ಲಿ ಎರಡು ವಸ್ತುಗಳಿಗೆ ಬರ. ಒಂದು ನೀರು, ಇನ್ನೊಂದು ಸಮಯ. ಹೊಳಲ್ಕೆರೆ, ಹೊಸದುರ್ಗದ ಕಡೆಯ ಅಡಿಕೆ ತೋಟದವರು ಕೊಳವೆಬಾವಿಯ ಪೈಪಿನತ್ತ ಕಣ್ಣು ನೆಟ್ಟು ಕೂತರೆ, ಹತ್ತನೇ ತರಗತಿಯ ಮಕ್ಕಳಿರುವ ಮನೆಯವರು ಗೋಡೆಯ ಕ್ಯಾಲೆಂಡರಿನತ್ತ ಕಣ್ಣು ನೆಟ್ಟಿರುತ್ತಾರೆ. ಟಿ.ವಿ.ಗೆ ಬಟ್ಟೆ ಹೊದಿಸಲಾಗುತ್ತದೆ, ಮೊಬೈಲು ಬೀರು ಸೇರುತ್ತದೆ, ಬಂದ ನೆಂಟರು ಹೊತ್ತಿಗೆ ಮುಂಚೆಯೇ ಹೊರಡುತ್ತಾರೆ. ಉಳಿದಿರುವುದು ಹತ್ತು ದಿನ. ಓದಬೇಕಾದದ್ದು ಇಡೀ ವರ್ಷದ್ದು.

ಆಗ ಮಗು ಮಾಡುವುದೇನು? ಪುಸ್ತಕ ತೆಗೆದು ಮೊದಲ ಪಾಠದ ಮೊದಲ ಪುಟದಿಂದ ಶುರುಮಾಡುತ್ತದೆ. ಕೈಯಲ್ಲೊಂದು ಹಳದಿ ಪೆನ್ನು. ಮುಖ್ಯವೆನಿಸಿದ ಸಾಲಿಗೆಲ್ಲ ಬಣ್ಣ ಬಳಿದು, ಕೊನೆಗೆ ಬಣ್ಣ ಕಾಣದ ಸಾಲನ್ನೇ ಹುಡುಕಬೇಕಾಗುತ್ತದೆ. ಮರುದಿನ ಮತ್ತೆ ಅದೇ ಪುಟ. ಹೀಗೆ ಮೊದಲ ಪಾಠ ಬಾಯಿಪಾಠ, ಕೊನೆಯ ಪಾಠ ದೇವರ ಪಾಲು.

ಇದರಲ್ಲಿ ನಗುವಂಥದ್ದು ಹೆಚ್ಚೇನಿಲ್ಲ. 2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿತ್ರದುರ್ಗ ಜಿಲ್ಲೆ ಶೇ 96.80 ಪಡೆದು ರಾಜ್ಯಕ್ಕೇ ಮೊದಲು ಬಂದಿತ್ತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಣಿಟ್ಟು ವೆಬ್‌ಕಾಸ್ಟಿಂಗ್ ಶುರುವಾದ 2024ರಲ್ಲಿ ರಾಜ್ಯದ ಒಟ್ಟು ಫಲಿತಾಂಶವೇ ಶೇ 83.89ರಿಂದ 73.40ಕ್ಕೆ ಇಳಿಯಿತು; ಚಿತ್ರದುರ್ಗ ಮೊದಲ ಹತ್ತರ ಪಟ್ಟಿಯಲ್ಲೂ ಉಳಿಯಲಿಲ್ಲ. ಕಾರಣಗಳ ಚರ್ಚೆ ಸಾಕಷ್ಟು ನಡೆಯಿತು. ಆದರೆ ಫೇಲಾದ ಹುಡುಗಿಗೆ ಶೇಕಡಾವಾರು ಲೆಕ್ಕ ಬೇಕಿಲ್ಲ. ಆ ವರ್ಷ ಮೂರು ಪರೀಕ್ಷೆಗಳ ಅವಕಾಶ ಬಂದದ್ದು ದೊಡ್ಡ ಅನುಕೂಲವೇ ಆಗಿತ್ತು. ಆದರೂ ಒಂದು ಪರೀಕ್ಷೆಗೂ ಇನ್ನೊಂದಕ್ಕೂ ನಡುವಿನ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಗಂಡು ನೋಡುವ ಮಾತು ಏಳುತ್ತದೆ. ಹುಡುಗನಾದರೆ ಬೆಂಗಳೂರಿನ ಬಸ್ಸು ಹತ್ತಿಸುವ ಮಾತು. ಆದ್ದರಿಂದ ಈ ಹತ್ತು ದಿನಗಳನ್ನು ಹೇಗೆ ಕಳೆಯಬೇಕೆಂಬುದು ಸಣ್ಣ ಪ್ರಶ್ನೆಯಲ್ಲ.

ಓದಿದ್ದನ್ನೇ ಮತ್ತೆ ಮತ್ತೆ ಓದುವುದರಲ್ಲಿ ಒಂದು ಮೋಸವಿದೆ. ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಯಾರೋ ಎದುರಾಗಿ ನಗುತ್ತಾರೆ. ಮುಖ ಚೆನ್ನಾಗಿ ಗೊತ್ತು, ಹೆಸರು ಮಾತ್ರ ನಾಲಿಗೆಗೆ ಬಾರದು. ಮೂರನೇ ಸಲ ಓದಿದ ಪಾಠವೂ ಹಾಗೆಯೇ. ಪ್ರತಿ ಸಾಲೂ ಪರಿಚಿತವೆನಿಸಿ ‘ಇದು ನನಗೆ ಬರುತ್ತದೆ’ ಎಂಬ ಧೈರ್ಯ ಕೊಡುತ್ತದೆ. ಆದರೆ ಪರೀಕ್ಷೆ ಕೇಳುವುದು ಮುಖಪರಿಚಯವನ್ನಲ್ಲ, ಹೆಸರನ್ನು.

ಅಮೆರಿಕದ ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಲೆಕ್ಕವಿಟ್ಟು ತೋರಿಸಿತು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪುಟ್ಟ ಪಾಠವನ್ನು ನಾಲ್ಕು ಅವಧಿ ಓದಿದರು. ಇನ್ನೊಂದು ಗುಂಪಿನವರು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಅವರಿಗೆ ನೆನಪಿದ್ದದ್ದು ಶೇ 40; ನೆನಪಿಸಿಕೊಂಡು ಬರೆದವರಿಗೆ ಶೇ 61. ತಮಾಷೆಯೆಂದರೆ, ತಮಗೆ ಹೆಚ್ಚು ನೆನಪಿರುತ್ತದೆಂಬ ಭರವಸೆ ಇದ್ದದ್ದು ಬರೀ ಓದಿದವರಿಗೇ!

ಇದನ್ನು ಕಲಿಯಲು ಅಮೆರಿಕದ ತನಕ ಹೋಗಬೇಕಾಗಿಯೂ ಇಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ‘ಶಿವಸಂಚಾರ’ ತಂಡ 1997ರಿಂದ ವರ್ಷವರ್ಷವೂ ಹೊಸ ನಾಟಕಗಳನ್ನು ಕಟ್ಟಿ ನಾಡೆಲ್ಲ ಸುತ್ತುತ್ತಿದೆ. ಯಾವ ನಾಟಕದ ನಟನಾದರೂ ಮೂಲೆಯಲ್ಲಿ ಕೂತು ಪುಸ್ತಕವನ್ನು ಹತ್ತು ಸಲ ಓದಿ ರಂಗಕ್ಕೆ ಬರುವುದಿಲ್ಲ. ಬೇಗನೆ ಪುಸ್ತಕ ಕೆಳಗಿಡುತ್ತಾನೆ, ಮಾತು ಆಡುತ್ತಾನೆ, ತಡವರಿಸುತ್ತಾನೆ, ಯಾರೋ ಎತ್ತಿಕೊಡುತ್ತಾರೆ. ತಡವರಿಸಿದ ಜಾಗವೇ ಮರುದಿನ ಗಟ್ಟಿಯಾಗುತ್ತದೆ. ಪರೀಕ್ಷೆಗೆ ಓದುವವರೂ ಮಾಡಬೇಕಾದದ್ದು ಈ ತಾಲೀಮನ್ನೇ.

ಎರಡನೆಯ ಮಾತು, ಸಮಯವನ್ನು ಹಂಚುವುದು. ಹಿರಿಯೂರಿನ ವಾಣಿವಿಲಾಸ ಸಾಗರದ ಕಟ್ಟೆ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಅದು ಮತ್ತೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ ಕಾಯಬೇಕಾಯಿತು. ಕೋಡಿ ಬೀಳಲಿ ಎಂದು ಕಾಯುತ್ತ ಕೂತಿದ್ದರೆ ಈ ಸೀಮೆಯಲ್ಲಿ ಒಂದು ತೆಂಗೂ ಉಳಿಯುತ್ತಿರಲಿಲ್ಲ. ಇರುವ ನೀರನ್ನು ಹನಿಹನಿಯಾಗಿ ಬೇರಿಗೆ ಬಿಡುವುದನ್ನು ಇಲ್ಲಿನ ರೈತರು ಕಲಿತದ್ದು ಕೊರತೆಯಿಂದಲೇ. ಒಂದೇ ದಿನ ತುಂಬ ನೀರು ಹಾಯಿಸಿದರೆ ಮೇಲ್ಮಣ್ಣು ತೊಯ್ದು ಉಳಿದದ್ದು ಹರಿದುಹೋಗುತ್ತದೆ. ವಿಜ್ಞಾನವನ್ನು ಒಂದೇ ದಿನ ಹನ್ನೆರಡು ಗಂಟೆ ಓದುವುದೂ ಅಂಥದ್ದೇ. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ನಡೆಸಿ, ಮರೆವು ಮೊದಲ ಕೆಲವು ಗಂಟೆಗಳಲ್ಲಿ ರಭಸವಾಗಿಯೂ ಆಮೇಲೆ ನಿಧಾನವಾಗಿಯೂ ಕೆಲಸ ಮಾಡುತ್ತದೆಂದು ತೋರಿಸಿದ್ದ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಒಂದು ಹನಿ ಬಿದ್ದರೆ ಬೇರು ಹಿಡಿಯುತ್ತದೆ.

ಹಾಗಾದರೆ ಹತ್ತು ದಿನದಲ್ಲಿ ಮಾಡುವುದೇನು? ಮೊದಲ ದಿನ ಪಠ್ಯಪುಸ್ತಕ ತೆಗೆಯುವುದೇ ಬೇಡ. ಎರಡು ಮೂರು ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುಂದಿಟ್ಟುಕೊಂಡು ಪಾಠಗಳನ್ನು ಮೂರು ಗುಂಪು ಮಾಡಿದರೆ ಸಾಕು: ಬರುವುದು, ಅರ್ಧ ಬರುವುದು, ಬಾರದೇ ಇರುವುದು. ಸಮಯದ ಹೆಚ್ಚು ಪಾಲು ಸಲ್ಲಬೇಕಾದದ್ದು ನಡುವಿನ ಗುಂಪಿಗೆ. ಬರುವುದನ್ನೇ ಓದುತ್ತ ಕೂರುವುದು ಹಿತ, ಲಾಭವಿಲ್ಲ. ಬಾರದೇ ಇರುವುದರಲ್ಲಿ ತೀರ ಕಠಿಣವಾದ ಒಂದೆರಡನ್ನು ಬಿಡಬೇಕಾಗಬಹುದು. ನೀರು ಸಾಲದ ವರ್ಷ ತೋಟದವನು ಎಲ್ಲ ಮರಕ್ಕೂ ಅರೆನೀರು ಹಾಕಿ ಇಡೀ ತೋಟ ಕೆಡಿಸುವುದಿಲ್ಲ. ಫಸಲು ಕೊಡುವ ಮರಗಳನ್ನು ಮೊದಲು ಉಳಿಸಿಕೊಳ್ಳುತ್ತಾನೆ. ಮನಸ್ಸು ಗಟ್ಟಿ ಮಾಡಿಕೊಂಡೇ ಮಾಡುವ ಕೆಲಸ ಅದು.

ಆಮೇಲೆ ಒಂದೊಂದು ಪಾಠಕ್ಕೂ ಒಂದೇ ಕ್ರಮ. ಇಪ್ಪತ್ತೈದು ನಿಮಿಷ ಓದು. ಪುಸ್ತಕ ಮುಚ್ಚಿ ಹತ್ತು ನಿಮಿಷ ಬರಹ. ಪೀನ ಮಸೂರದ ಕಿರಣ ಚಿತ್ರವಾಗಲಿ, ಥೇಲ್ಸನ ಪ್ರಮೇಯವಾಗಲಿ ನೋಡದೆ ಬರೆಯಬೇಕು. ನಂತರ ಪುಸ್ತಕ ತೆರೆದು ತಪ್ಪಿದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ತಿದ್ದಬೇಕು. ಮರುದಿನ, ಆಮೇಲೆ ಮೂರು ದಿನ ಬಿಟ್ಟು ಮತ್ತು ಪರೀಕ್ಷೆಯ ಹಿಂದಿನ ದಿನ ಆ ತಿದ್ದಿದ ಭಾಗವನ್ನಷ್ಟೇ ಮತ್ತೆ ನೋಡದೆ ಬರೆದರೆ ಸಾಕು. ಶಾಲೆಯಲ್ಲಿ ಕೊಡುವ ‘ಪಾಸಿಂಗ್ ಪ್ಯಾಕೇಜ್’ ಕೂಡ ಹೀಗೆ ಬಳಸಿದರೆ ಫಲ ಕೊಡುತ್ತದೆ. ಬರೀ ಕಣ್ಣಾಡಿಸಿದರೆ ಅದೂ ಇನ್ನೊಂದು ಪುಸ್ತಕವಷ್ಟೆ.

ಹೊಳಲ್ಕೆರೆಯಿಂದ ದುರ್ಗಕ್ಕೆ ನಿಂತೇ ಪ್ರಯಾಣ ಮಾಡುವ ಬಸ್ಸಿನಲ್ಲಿ ಪುಸ್ತಕ ಬಿಚ್ಚಲು ಜಾಗವಿಲ್ಲವೆಂದು ಮಕ್ಕಳು ಕೊರಗುತ್ತಾರೆ. ಆದರೆ ಆ ಹೊತ್ತು ವ್ಯರ್ಥವಲ್ಲ. ಪುಸ್ತಕ ಬಿಚ್ಚಲಾಗದ ಜಾಗವೇ ನೆನಪಿಸಿಕೊಳ್ಳಲು ಯೋಗ್ಯವಾದ ಜಾಗ. ಕರೆಂಟು ಹೋದ ಸಂಜೆಯೂ ಹಾಗೆಯೇ. ಇನ್ನು ನಿದ್ದೆ; ರಾತ್ರಿಯಿಡೀ ಕೂತು ಓದಿದರೆ ಓದಿದ್ದು ಮನಸ್ಸಿನಲ್ಲಿ ನೆಲೆಗೊಳ್ಳುವ ಹೊತ್ತನ್ನೇ ಕಿತ್ತುಕೊಂಡಂತೆ.

ಇಷ್ಟರಲ್ಲಿ ತಂದೆತಾಯಿಯರ ಪಾಲೇನು? ‘ನಮಗೆ ಅಕ್ಷರ ಬಾರದು, ನಾವೇನು ಹೇಳಿಕೊಡೋಣ’ ಎಂದು ಹಿಂಜರಿಯುವ ತಾಯಂದಿರು ಈ ನಾಲ್ಕೂ ತಾಲ್ಲೂಕುಗಳಲ್ಲಿ ಇದ್ದಾರೆ. ಅವರಿಂದಲೂ ಆಗುವ ದೊಡ್ಡ ಕೆಲಸವೊಂದಿದೆ. ರೊಟ್ಟಿ ತಟ್ಟುತ್ತ, ‘ಇವತ್ತು ಓದಿದ್ದೇನು, ಪುಸ್ತಕ ಆ ಕಡೆ ಇಟ್ಟು ಹೇಳು’ ಎಂದು ಕೇಳುವುದು. ಉತ್ತರ ಸರಿಯೋ ತಪ್ಪೋ ಅವಳಿಗೆ ತಿಳಿಯದಿರಬಹುದು; ಮಗಳು ಎಲ್ಲಿ ತಡವರಿಸಿದಳೆಂಬುದು ಖಂಡಿತ ತಿಳಿಯುತ್ತದೆ. ‘ಅಲ್ಲಿ ನಿಂತೆಯಲ್ಲ, ಅದನ್ನು ಇನ್ನೊಮ್ಮೆ ನೋಡಿಕೊಂಡು ಬಂದು ಹೇಳು’ ಎಂದರೆ ಸಾಕು. ಅದಕ್ಕೆ ಟ್ಯೂಷನ್ನಿನ ಶುಲ್ಕವಿಲ್ಲ, ಬೇಕಾದದ್ದು ಒಲೆಯ ಮುಂದಿನ ಕಾಲು ಗಂಟೆ.