ಬೀಗರೂಟಕ್ಕೆ ಹೊರಟಿರಾ? ತಿಗಣೆ ಜೋಕೆ!

ಮಂಡ್ಯ, ಮದ್ದೂರು, ಮಳವಳ್ಳಿ – ಈ ಮೂರು ಊರುಗಳ ಕಡೆ ನೆಂಟರಿದ್ದರೆ ವರ್ಷಕ್ಕೆ ನಾಲ್ಕು ಸಲವಾದರೂ ಬ್ಯಾಗು ಕಟ್ಟುವುದು ತಪ್ಪಿದ್ದಲ್ಲ. ಮದುವೆ ಮುಗಿಯಿತು ಅನ್ನುವಷ್ಟರಲ್ಲಿ ಬೀಗರ ಊಟ, ಅದಾದ ಮೇಲೆ ಊರ ಹಬ್ಬ, ನಡುವೆ ಮುತ್ತತ್ತಿರಾಯನಿಗೆ ಹೊತ್ತ ಹರಕೆ. ನನ್ನ ತವರು ಮಳವಳ್ಳಿ ಕಡೆ, ಸೇರಿದ ಮನೆ ತಿಪಟೂರು ಸೀಮೆ. ಎರಡೂ ಬದಿ ಕಬ್ಬಿನ ಗದ್ದೆ, ಮದ್ದೂರು ಬಂತೆಂದರೆ ಈರುಳ್ಳಿ ಬೆಂದ ವಡೆಯ ವಾಸನೆ, ಮಳೆಗಾಲವಾದರೆ ಗಗನಚುಕ್ಕಿಯ ಭೋರ್ಗರೆತ. ಅಲ್ಲಿಯ ಶಿವನಸಮುದ್ರದಿಂದಲೇ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ನೋಡಲು, ತಿನ್ನಲು, ಕೈ ಮುಗಿಯಲು ಏನೂ ಕೊರತೆಯಿಲ್ಲದ ಸೀಮೆ.

ಆದರೆ ನಾನು ಹೇಳಹೊರಟಿರುವುದು ಪ್ರಯಾಣದಿಂದ ಬರುವಾಗ ಏನನ್ನು ತರಬಾರದು ಅನ್ನುವ ಮಾತು. ತಿಗಣೆ! ಇಸ್ಸಿ ಅಂತ ಪುಟ ತಿರುವಬೇಡಿ ಸೋದರಿಯರೇ. ಮಂಡ್ಯದವರೂ ಸಿಟ್ಟಾಗಬೇಡಿ. 2023ರಲ್ಲಿ ಪ್ಯಾರಿಸ್ ಪಟ್ಟಣದಲ್ಲೇ ರೈಲು, ಸಿನಿಮಾ ಮಂದಿರಗಳಲ್ಲಿ ತಿಗಣೆ ಅಂತ ದೊಡ್ಡ ಗುಲ್ಲಾಗಿತ್ತು. ತಿಗಣೆಗೆ ಬೇಕಾದ್ದು ಕೊಳೆಯಲ್ಲ, ನಮ್ಮ ರಕ್ತ. ಅದಕ್ಕೆ ರೆಕ್ಕೆಯಿಲ್ಲ, ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಊರಿಂದೂರಿಗೆ ಹೋಗುವುದು ನಮ್ಮ ಬ್ಯಾಗು, ಹಾಸಿಗೆ, ಬೆಡ್‌ಶೀಟಿನ ಮಡಿಕೆಯಲ್ಲಿ ಕೂತು, ಟಿಕೆಟ್ಟಿಲ್ಲದೆ!

ನಾನು ಮದುವೆಯಾದ ಹೊಸತು. ಮಂಡ್ಯದ ಕಡೆ ನೆಂಟರ ಮದುವೆಗೆ ಮನೆಮಂದಿಯೆಲ್ಲ ಹೋಗಿ, ಛತ್ರದಲ್ಲಿ ಎರಡು ರಾತ್ರಿ ಮಲಗಿ ಬಂದಿದ್ದೆವು. ತಿಂಗಳೊಳಗೆ ನಡುಮನೆಯ ಮಂಚದಲ್ಲಿ ತಿಗಣೆ ಕಾಣಿಸಿಕೊಂಡಿತು. "ಸೊಸೆ ತವರಿಂದ ತಂದ ಬಳುವಳಿ" ಅಂದರು ಅತ್ತೆ, ಅದೂ ಬಂದವರೆದುರಿಗೆ. ಆ ಮಾತು ಕಚ್ಚಿದಷ್ಟು ತಿಗಣೆ ಕಚ್ಚಲಿಲ್ಲ ಬಿಡಿ. ಒಂದು ದಿನ ಎಲ್ಲರ ಬ್ಯಾಗುಗಳನ್ನೂ ಅಂಗಳಕ್ಕೆ ತಂದು ಕೊಡವಿದೆ. ತಿಗಣೆ ಸಾಲಾಗಿ ಕೂತಿದ್ದು ಮೈದುನನ ಬ್ಯಾಗಿನ ಹೊಲಿಗೆಯಲ್ಲಿ! ಅತ್ತೆ ಏನೂ ಅನ್ನಲಿಲ್ಲ, ನೀರು ಕಾಯಿಸೋಕೆ ಒಳಗೆ ಹೋದರು.

ಈಗ 2023ರ ಎಕ್ಸ್‌ಪ್ರೆಸ್ ರಸ್ತೆ ಬಂದ ಮೇಲೆ ಬೆಂಗಳೂರಿನವರು ಬೆಳಿಗ್ಗೆ ಹೊರಟು ಊಟ ಮುಗಿಸಿ ರಾತ್ರಿಗೆ ಮನೆ ಸೇರಬಹುದು. ಆದರೆ ಧಾರೆ ಮುಹೂರ್ತ ಬೆಳಗಿನ ಜಾವ ಇದ್ದರೆ ಏನು ಮಾಡ್ತೀರಿ? ಛತ್ರದಲ್ಲೋ ಲಾಡ್ಜಿನಲ್ಲೋ ಮಲಗಲೇಬೇಕು. ಛತ್ರದ ಬಾಡಿಗೆ ಹಾಸಿಗೆಗಳು ಇಂದು ಈ ಮದುವೆ, ನಾಳೆ ಆ ಮದುವೆ ಅಂತ ತಿರುಗುತ್ತಲೇ ಇರುತ್ತವೆ. ನಡುವೆ ಅವನ್ನು ಬಿಸಿಲಿಗೆ ಹಾಕುವವರು ಯಾರು?

ರೂಮಿಗೆ ಹೋದ ತಕ್ಷಣ ಬ್ಯಾಗನ್ನು ಹಾಸಿಗೆ ಮೇಲೆ ಎಸೆಯಬೇಡಿ. ಗೂಟಕ್ಕೆ ನೇತುಹಾಕಿ, ಇಲ್ಲವೇ ಪ್ಲಾಸ್ಟಿಕ್ ಕುರ್ಚಿ ಮೇಲಿಡಿ. ದೊಡ್ಡ ಪಾಲಿಥಿನ್ ಚೀಲದೊಳಗೆ ಬ್ಯಾಗನ್ನೇ ಇಟ್ಟು ಬಾಯಿ ಕಟ್ಟಿದರೆ ಇನ್ನೂ ವಾಸಿ. ಆಮೇಲೆ ಮೊಬೈಲಿನ ಟಾರ್ಚು ಹಾಕಿ ಹಾಸಿಗೆಯ ಹೊಲಿಗೆ, ನಾಲ್ಕು ಮೂಲೆ, ಮಂಚದ ಸಂದಿ, ದಿಂಬಿನ ಅಂಚು ನೋಡಿ. ದೊಡ್ಡ ತಿಗಣೆ ಚನ್ನಂಗಿ ಬೇಳೆಯಷ್ಟಿರುತ್ತದೆ, ಬಣ್ಣವೂ ಕಂದು. ಮೊಟ್ಟೆ ಉಪ್ಪಿಟ್ಟಿನ ರವೆಯ ಹಾಗೆ ಬಿಳಿ. ಹುಳುವೇ ಸಿಗದಿದ್ದರೂ ಪೆನ್ನಿನ ಚುಕ್ಕಿಯಂಥ ಕರಿ ಕಲೆಗಳಿದ್ದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಂದಾಗಿ ಹರಡಿದರೆ ಆ ಹಾಸಿಗೆ ಬೇಡ. ಬೇರೆ ರೂಮು ಕೇಳಿ, ನಾಚಿಕೆ ಏನು? ಛತ್ರವಾದರೆ ಗುಡಿಸಿದ ನೆಲದ ನಡುವೆ, ಗೋಡೆಯಿಂದ ದೂರಕ್ಕೆ, ಮನೆಯಿಂದ ತಂದ ಜಮಖಾನ ಹಾಸಿಕೊಳ್ಳಿ. ನಾನಂತೂ ಬಾಡಿಗೆ ಹಾಸಿಗೆ ಮುಟ್ಟುವುದೇ ಇಲ್ಲ.

ಇನ್ನು ನೆಂಟರ ಮನೆಯಲ್ಲೇ ಕಂಡರೆ? ಇದೇ ಕಷ್ಟದ್ದು. ಎಲ್ಲರೆದುರು ಅಂದರೆ ಆ ಮನೆಯ ಹೆಣ್ಣುಮಗಳ ತಲೆ ತಗ್ಗುತ್ತದೆ. ಅವರ ತಪ್ಪೇನೂ ಇರುವುದಿಲ್ಲ, ಮುಂಚೆ ಬಂದುಹೋದ ನೆಂಟರು ಯಾರೋ ಬಿಟ್ಟು ಹೋಗಿರುತ್ತಾರೆ. ಅಡುಗೆಮನೆಯಲ್ಲಿ ಒಬ್ಬರೇ ಇದ್ದಾಗ, "ಅತ್ತಿಗೆ, ಆ ಮಂಚದ ಸಂದೀಗೆ ಕುದಿಯೋ ನೀರು ಹುಯ್ಸಿಬಿಡಿ" ಅಂದರೆ ಸಾಕು. ಸುಮ್ಮನಿದ್ದುಬಿಡುವುದೂ ಸರಿಯಲ್ಲ. ಹೆಣ್ಣು ತಿಗಣೆ ಜೀವಮಾನದಲ್ಲಿ ಇನ್ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಏಕಾದಶಿ ಉಪವಾಸ ನಮಗೇ ಕಷ್ಟ, ಅದು ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಿರುತ್ತದೆ.

ಮನೆಯವರು "ನನಗೇನೂ ಕಚ್ಚಲಿಲ್ಲ, ನಿನಗೆ ಭ್ರಮೆ" ಅನ್ನಬಹುದು. ಕೆಲವರ ಮೈಯಲ್ಲಿ ಗಂಧೆ ಏಳುವುದೇ ಇಲ್ಲ, ಕೆಲವರಿಗೆ ವಾರ ಕಳೆದು ತುರಿಕೆ ಶುರುವಾಗುತ್ತದೆ. ತಿಗಣೆಯಿಂದ ರೋಗ ಹರಡಿದ್ದು ಕಂಡಿಲ್ಲವಂತೆ, ಅದೊಂದು ಸಮಾಧಾನ. ಮಕ್ಕಳು ಕೆರೆದು ಹುಣ್ಣು ಮಾಡಿಕೊಳ್ಳದ ಹಾಗೆ ಸೋಪಿನಲ್ಲಿ ತೊಳೆದು ತಣ್ಣೀರ ಬಟ್ಟೆ ಹಾಕಿ.

ಊರಿಂದ ಬಂದ ಮೇಲೆ ಬ್ಯಾಗು ಜಗುಲಿಯಲ್ಲೇ ಇರಲಿ. ನೂಲಿನ ಬಟ್ಟೆ, ಜಮಖಾನ ಎಲ್ಲ 60 ಡಿಗ್ರಿಯಷ್ಟು, ಅಂದರೆ ಕೈ ಇಡಲಾಗದಷ್ಟು ಬಿಸಿ ನೀರಿನಲ್ಲಿ ನೆನೆಸಿ ಒಗೆಯಿರಿ. ರೇಷ್ಮೆ ಸೀರೆಗೆ ಅದಾಗದು. ಅಂಗಳದಲ್ಲಿ ಬಿಚ್ಚಿ ಕೊಡವಿ, ಅಂಚು ಕುಚ್ಚು ನೋಡಿ, ಮೇಲೆ ತೆಳು ಬಟ್ಟೆ ಹಾಸಿ ಇಸ್ತ್ರಿ ಮಾಡಿ. ಹಾಸಿಗೆಯನ್ನು ಬರೀ ಬಿಸಿಲಿಗೆ ಹಾಕಿದರೆ ತಿಗಣೆ ನೆರಳಿದ್ದ ಮಗ್ಗುಲಿಗೆ ನಡೆದುಬಿಡುತ್ತದೆ, ಜಾಣ ಪ್ರಾಣಿ.

ನಮ್ಮಜ್ಜಿ ಮಂಚದಡಿ ಲಕ್ಕಿಸೊಪ್ಪು ಹಾಕುತ್ತಿದ್ದರು. ಯುರೋಪಿನ ಬಾಲ್ಕನ್ ಸೀಮೆಯ ಹೆಂಗಸರು ಹುರುಳಿಕಾಯಿ, ಅಂದರೆ ಬೀನ್ಸ್ ಗಿಡದ ಎಲೆಯನ್ನು ಮಂಚದ ಸುತ್ತ ಹರಡಿ, ಬೆಳಿಗ್ಗೆ ಗುಡಿಸಿ ಸುಡುತ್ತಿದ್ದರಂತೆ. ಎಲೆಯ ಕೊಕ್ಕೆಯಂಥ ಸಣ್ಣ ಕೂದಲು ತಿಗಣೆಯ ಕಾಲಿಗೆ ಚುಚ್ಚಿ ಹಿಡಿಯುತ್ತದೆ ಅಂತ 2013ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಸೀಮೆಎಣ್ಣೆ ಮಾತ್ರ ಬೇಡ, ಬೆಂಕಿಯ ಭಯ. ಅಂಗಡಿಯ ಔಷಧಿ ಹಲವು ಕಡೆ ತಿಗಣೆಗೆ ನಾಟುತ್ತಲೂ ಇಲ್ಲ. ಮಂಚದ ಸಂದಿಗೆ ಕುದಿಯುವ ನೀರೇ ವಾಸಿ, ಅದೂ ಒಂದು ಸಲ ಹುಯ್ದರೆ ಸಾಲದು. ಉಳಿದ ಮೊಟ್ಟೆ ವಾರ ಹತ್ತು ದಿನದಲ್ಲಿ ಒಡೆಯುವುದರಿಂದ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು ಎರಡು ವಾರಕ್ಕೆ ಇನ್ನೊಮ್ಮೆ ಹುಯ್ಯಿರಿ.