ಅರ್ಧ ಕೇಜಿ ಧೈರ್ಯ

ಹೆಂಡತಿಯ ಕಾವಲಿಗೆ ಹಗುರವಾದ ಕೈಬಂದೂಕು ಯಾವುದು ಅಂತ ನಾವೂ ಹುಡುಕಿದೆವು. ಕೂಲಿ ಮುಗಿಸಿ ಕತ್ತಲಲ್ಲಿ ಕೇರಿಗೆ ನಡೆದು ಬರುವ ಹೆಣ್ಣಿನ ಗಂಡನಿಗೆ ಈ ಯೋಚನೆ ಬಂದೇ ಬರುತ್ತದೆ.

ಸಿಕ್ಕಿದ್ದು ‘ನಿರ್ಭೀಕ್’. 2012ರ ದೆಹಲಿ ಅತ್ಯಾಚಾರದ ಗಾಯ ಹಸಿಯಿದ್ದಾಗಲೇ, 2014ರಲ್ಲಿ, ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದೇ ಹೊರತಂದ ರಿವಾಲ್ವರ್. ಟೈಟಾನಿಯಂ ಮಿಶ್ರಲೋಹ. ತೂಕ 500 ಗ್ರಾಂ. ಆಗಿನ ಬೆಲೆಯೇ 1,22,360 ರೂಪಾಯಿ!

ಈ ಹಗುರ ಯಾರಿಗೆ ಹಗುರ? ನಮ್ಮ ಹೆಗಲಿಗೆ ಅದು ಬಂಡೆ. ದುಡ್ಡು ಹುಟ್ಟಿದರೂ ಲೈಸೆನ್ಸು ಬೇಕು. ನಮ್ಮ ದೂರನ್ನೇ ಬರೆದುಕೊಳ್ಳದ ಠಾಣೆ ನಮ್ಮ ನಡತೆಯ ಬಗ್ಗೆ ವರದಿ ಬರೆಯಬೇಕು!

ನಮ್ಮಾಕೆ ಕೇಳಿ ನಕ್ಕಳು. “ಇದನ್ನ ಸೊಂಟಕ್ಕೆ ಸಿಗಿಸ್ಕೊಂಡು ಕಳೆ ಕೀಳ್ಲಾ? ಮೊದ್ಲು ಅವ್ರ ಕೈಲಿರೋದ್ನ ಕಿತ್ಕೊಳ್ಳಕ್ಕೆ ಹೇಳಿ.”

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಈ ಮಾತು ಕಾನೂನಿನಲ್ಲೇ ಇದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಗೆ 1995ರಲ್ಲಿ ಬಂದ ನಿಯಮಗಳಲ್ಲಿ ಮೂರನೆಯದು ನೋಡಿ. ದೌರ್ಜನ್ಯದ ಭಯವಿದೆ ಎಂದು ಗುರುತಿಸಿದ ಕಡೆ, ಅಗತ್ಯ ಕಂಡರೆ, ಮೇಲಿನವರ ಬಂದೂಕಿನ ಲೈಸೆನ್ಸು ರದ್ದು ಮಾಡಿ ಬಂದೂಕನ್ನು ಸರ್ಕಾರಿ ಶಸ್ತ್ರಾಗಾರಕ್ಕೆ ಸೇರಿಸಬಹುದು. ನಮ್ಮವರಿಗೆ ಲೈಸೆನ್ಸು ಕೊಡಲೂಬಹುದು.

ಗೆಳೆಯರೇ, ‘ಅಗತ್ಯ ಕಂಡರೆ’ ಅಂತಿದೆ. ಕಾಣಬೇಕಾದ ಕಣ್ಣು ಸರ್ಕಾರದ್ದು. ಅದು ತಾನಾಗಿ ತೆರೆಯೋದಿಲ್ಲ. ಮೇಷ್ಟ್ರುಗಳು ಈ ನಿಯಮವನ್ನು ಕೇರಿಯಲ್ಲಿ ಓದಿ ಹೇಳಲಿ. ನಮ್ಮ ಹೆಣ್ಣುಮಕ್ಕಳು ಬರಿಗೈಲಿ ನಿರ್ಭಯವಾಗಿ ನಡೆಯುವ ದಾರಿ ಬೇಕು. ಅದನ್ನು ಯಾವ ಕಾರ್ಖಾನೆಯೂ ಮಾಡಿ ಮಾರೋದಿಲ್ಲ.